ಮೇಲೋಣಿಯ ಮನೆಯ ಹಗೇವು

ತಂಗೀ, ಟೈಪ್ ಮಾಡಲು ಕಣ್ಣು ಕಾಣುವುದಿಲ್ಲ, ಮಾತಿನಲ್ಲೇ ಹೇಳುತ್ತಿದ್ದೇನೆ, ಎಲ್ಲರೂ ಕೇಳಿರಿ. ರಜೆಗೆ ಊರಿಗೆ ಹೋದ ಮಕ್ಕಳು ದಿನವಿಡೀ ಮೇಲೋಣಿಯ ಪಾಳುಮನೆಯಲ್ಲೇ ಆಡುತ್ತಿದ್ದಾರೆ, ಅಲ್ಲಿ ಹಾವುಗೀವು ಇವೆಯೇ ಎಂದು ಕೇಳಿದ್ದೀಯ. ಹಾವಿನ ಮಾತು ಆಮೇಲೆ. ಅಂಗಳದ ಹಗೇವಿಗೆ, ಅದೇ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿಗೆ, ಯಾರಾದರೂ ಮಣ್ಣು ತುಂಬಿಸಿದ್ದಾರೆಯೇ? ಮೊದಲು ಅದನ್ನು ಹೇಳು.

1972ರ ಬರದಲ್ಲಿ ಅಜ್ಜ ಅದರೊಳಗಿನ ಜೋಳವನ್ನೆಲ್ಲ ಓಣಿಗೆ ಅಳೆದುಕೊಟ್ಟ. ಮತ್ತೆ ತುಂಬಲೇ ಇಲ್ಲ, ಬಾಯಿಗೆ ಚಪ್ಪಡಿ ಎಳೆದು ಬಿಟ್ಟರು. ನಾವು ಕೆಳಗಿನ ಮನೆಗೆ ಬಂದ ಮೇಲೂ ಆಟಕ್ಕೆ ಅಲ್ಲಿಗೇ ಓಡುತ್ತಿದ್ದೆವು. ಒಂದು ದಿನ ಬುಗುರಿ ಸಂದಿಯಿಂದ ಒಳಗೆ ಬಿತ್ತು. ನಿಮ್ಮ ಮಾವ ಚಪ್ಪಡಿ ಸರಿಸಿ ಒಂದು ಕಾಲನ್ನು ಇಳಿಬಿಟ್ಟಿದ್ದ. ಎತ್ತು ಕಟ್ಟಲು ಬಂದ ಆಳು ಅವನ ರಟ್ಟೆ ಹಿಡಿದು ಎಳೆದ. ಬೈಯಲಿಲ್ಲ. ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟ. ಒಂದಾಳುದ್ದ ಇಳಿಯಿತು, ಕುಡಿ ಸಣ್ಣಗಾಯಿತು, ಆರಿತು. ಗಾಳಿಯಿಲ್ಲ, ಮಳೆಯಿಲ್ಲ, ಸುಮ್ಮನೆ ಆರಿತು. ಮೇಲೆಳೆದಾಗ ಗಾಜು ಇನ್ನೂ ಬಿಸಿಯಾಗಿತ್ತು. "ನಿನ್ನ ಉಸಿರೂ ಹೀಗೇ ಆರುತ್ತಿತ್ತು ತಮ್ಮಾ" ಎಂದ.

ಹಗೇವು ಗಡಿಗೆಯ ಹಾಗೆ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಉಳಿದ ಕಾಳು, ಹುಲ್ಲು ಕೊಳೆತು ಕೆಟ್ಟ ಗಾಳಿ ಹುಟ್ಟುತ್ತದೆ. ಅದು ಭಾರ, ತಳದಲ್ಲೇ ಕೂರುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ. ಒಬ್ಬ ಬಿದ್ದರೆ ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಮೇಲೆ ಬರುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಹಗೇವಿನ ಹತ್ತಿರ ಬಿಡಬೇಡಿ.

ಆ ಮನೆ ಈ ಗತಿಗೆ ಬಂದದ್ದಾದರೂ ಯಾರಿಂದ? ಅವ್ವ ಇದ್ದಾಗ ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣಿನ ಮೇಲ್ಮುದ್ದೆ ಹಾಕಿಸುತ್ತಿದ್ದಳು. ಈಗ ಮನೆಯ ಹಕ್ಕಿನ ಉತಾರದಲ್ಲಿ 11 ಹೆಸರು, ಒಂದು ಬುಟ್ಟಿ ಮಣ್ಣು ಹಾಕುವವರಿಲ್ಲ. ಕೆತ್ತನೆಯ ಕಂಬ ಎರಡನ್ನು ಮಾರಿದಿರಲ್ಲ, ಯಾರನ್ನು ಕೇಳಿದಿರಿ? ಕೊಟ್ಟ ಹೆಣ್ಣುಮಗಳು ಎಂದು ನನಗೆ ಒಂದು ಮಾತೂ ಇಲ್ಲ. ಆ ಕಂಬಗಳ ನಡುವೆಯೇ ನನ್ನ ಮದುವೆಯ ಅಕ್ಕಿಕಾಳು ಬಿದ್ದದ್ದು. ಆ ಜಾಗ ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಯ್ಯೋ, ಹೇಳಬೇಕಾದದ್ದೇ ಉಳಿಯಿತು. ನಾಳೆಯೇ ಟ್ರ್ಯಾಕ್ಟರ್‌ನಲ್ಲಿ ಗರಸು ಮಣ್ಣು ತರಿಸಿ ಹಗೇವನ್ನು ತುಂಬಿಸಿರಿ. ಮೇಲಿನಿಂದಲೇ ಸುರಿಯಿರಿ, ಯಾರೂ ಇಳಿಯಬೇಡಿ. ಅಲ್ಲಿಯವರೆಗೆ ಬಾಯಿಯ ಸುತ್ತ ಮುಳ್ಳುಕಂಟಿ ಹೇರಿ, ತಲೆಬಾಗಿಲಿಗೆ ಬೀಗ ಹಾಕಿರಿ. ಅಕಸ್ಮಾತ್ ಯಾರಾದರೂ ಬಿದ್ದರೆ 112ಕ್ಕೆ ಫೋನ್ ಮಾಡಿರಿ. ಪಡಸಾಲೆಯ ಗೋಡೆ 2019ರ ಆಗಸ್ಟ್ ಮಳೆಗೇ ಬಿರುಕು ಬಿಟ್ಟಿದೆ, ಅದರ ಕೆಳಗೂ ಯಾರೂ ಕೂರುವುದು ಬೇಡ. ಇನ್ನು ಹಾವು, ಕಲ್ಲುರಾಶಿಯಲ್ಲಿ ಇದ್ದೇ ಇರುತ್ತದೆ. ಕಚ್ಚಿದರೆ ಮಂತ್ರ, ನಾಟಿ ಔಷಧ ಎಂದು ಹೊತ್ತು ಕಳೆಯದೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಗರಸಿನ ದುಡ್ಡನ್ನು ನಾನು ಕಳುಹಿಸುತ್ತೇನೆ, ಯಾರ ಪಾಲಿಗೆ ಎಷ್ಟು ಎಂಬ ಲೆಕ್ಕ ಆಮೇಲೆ. ಟ್ರ್ಯಾಕ್ಟರ್ ಬಂದ ಕೂಡಲೇ ನನಗೊಂದು ಫೋಟೊ ಹಾಕು, ತಂಗೀ.