ನೋಟೊ ಊರಿನ ನಿಕೊಲಾಚಿ ಬೀದಿಗೆ ಅಮ್ಮನ ಜೊತೆ: ಹೋಗಿ ಬಂದವರು ಹೇಳಿ

ಮ್ಯೂನಿಕ್ ಮಗಳು: ಅಮ್ಮ ಏಪ್ರಿಲ್ ಕೊನೆಗೆ ನನ್ನ ಹತ್ತಿರ ಬರುತ್ತಿದ್ದಾರೆ. 68 ವಯಸ್ಸು, ಮಂಡಿನೋವು, ಸಸ್ಯಾಹಾರಿ. ಇಟಲಿಯ ಸಿಸಿಲಿ ದ್ವೀಪದ ನೋಟೊದಲ್ಲಿ ಮೇ ಮೂರನೇ ವಾರಾಂತ್ಯ ನಡೆಯುವ ಇನ್ಫಿಯೊರಾತಾ ಹೂವಿನ ಹಬ್ಬ ತೋರಿಸುವ ಆಸೆ. ನಿಕೊಲಾಚಿ ಬೀದಿಯ ಎರಡೂ ಕಡೆ ಕೆತ್ತನೆ ತುಂಬಿದ ಬರೋಕ್ ಶೈಲಿಯ ಕಟ್ಟಡ, ನಡುವೆ ಬೀದಿಯುದ್ದಕ್ಕೂ ಹೂದಳದ ರಂಗೋಲಿ. ಅಲ್ಲೇ ಉಳಿಯಬೇಕಾ, ಹತ್ತಿರದ ಸಿರಾಕೂಸಾ ನಗರದಿಂದ ಹೋಗಿ ಬರಬಹುದಾ? ಕಾರು ಬೇಕಾ?

ದಂಡ ಕಟ್ಟಿದವನು: ಕಾರು ಅಂದಿರಲ್ಲ, ಕೇಳಿ. ಕತಾನಿಯಾ ಏರ್‌ಪೋರ್ಟಿನಲ್ಲಿ ನಾಲ್ಕು ದಿನಕ್ಕೆ 148 ಯೂರೋ ಅಂತ ಬುಕ್ ಮಾಡಿದ್ದೆ. ಕೌಂಟರಿನಲ್ಲಿ ಡೆಬಿಟ್ ಕಾರ್ಡ್ ನಡೆಯಲ್ಲ ಅಂದರು. ಹೆಂಡತಿಯ ಕ್ರೆಡಿಟ್ ಕಾರ್ಡ್ ಕೊಟ್ಟರೆ, ಓಡಿಸುವವರ ಹೆಸರಿನಲ್ಲೇ ಇರಬೇಕಂತೆ. ಅರ್ಧ ಗಂಟೆ ಜಗಳ ಆದ ಮೇಲೆ ಅವರದೇ ಇನ್ಶೂರೆನ್ಸ್ ತಗೊಂಡರೆ ಡೆಬಿಟ್ ಕಾರ್ಡೇ ಆಗುತ್ತದೆ ಅಂದರು. ಅದಕ್ಕೆ 104. ದಾರಿಯಲ್ಲಿ ಒಂದು ಊರು ಸಿಕ್ಕಿತು. ಹೆಸರು ಬೇಡ, ಬಾಯಲ್ಲಿ ಬಂದರೂ ಉರಿಯುತ್ತದೆ. ಮ್ಯಾಪ್ ಹೇಳಿದ ಹಾಗೆ ಒಂದು ಸಂದಿಗೆ ತಿರುಗಿದೆ. ಅದು ಝಡ್‌ಟಿಎಲ್. ಅಂದರೆ ಹೊರಗಿನವರ ಕಾರು ನುಗ್ಗಬಾರದ, ಕ್ಯಾಮೆರಾ ಕಾಯುವ ಬೀದಿ. ತಪ್ಪಾಯಿತು ಅಂತ ಗೊತ್ತಾಗಿ ಸುತ್ತು ಹಾಕಿ ಬಂದೆ, ಮತ್ತೆ ಅದೇ ಕ್ಯಾಮೆರಾ ಮುಂದೆ. ಆರು ವಾರಕ್ಕೆ ಬಾಡಿಗೆ ಕಂಪನಿ ಕಾರ್ಡಿನಿಂದ 45 ಯೂರೋ ಕಿತ್ತಿತು, ಎರಡು ಸಲ. ಅದು ದಂಡ ಅಲ್ಲ ಸ್ವಾಮಿ, ನನ್ನ ವಿಳಾಸವನ್ನು ಪೊಲೀಸರಿಗೆ ಕೊಟ್ಟಿದ್ದಕ್ಕೆ ಕೂಲಿ! ದಂಡದ ಕಾಗದ ಬಂದಿದ್ದು ಏಳು ತಿಂಗಳ ಮೇಲೆ. ಐದು ದಿನದೊಳಗೆ ಕಟ್ಟಿದರೆ 30% ಕಡಿಮೆ. ನಾನು ಆಗ ಶಿವಮೊಗ್ಗದಲ್ಲಿ ತಂಗಿ ಮದುವೆಯ ಓಡಾಟದಲ್ಲಿದ್ದೆ. ಪೂರ್ತಿ ಕಟ್ಟಿದೆ.

ಬೀದಿ ಚೆನ್ನಾಗಿದೆ.

ರೈಲೇ ಸರಿ: ಬೋರ್ಡು ನೋಡದೆ ನುಗ್ಗಿದರೆ ದಂಡ ಬೀಳದೆ ಹಾರ ಹಾಕುತ್ತಾರಾ? ನಾವು ಸಿರಾಕೂಸಾದಿಂದ ರೈಲಿನಲ್ಲಿ ಹೋದೆವು, ಅರ್ಧ ಗಂಟೆ ಚಿಲ್ಲರೆ. ಪೇಪರ್ ಟಿಕೆಟ್ ಆದರೆ ಹತ್ತುವ ಮೊದಲು ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ನಾನು ಹಾಕಿಸಿದೆ, ನಮ್ಮ ಭಾವ ಮರೆತರು. ಅವರೊಬ್ಬರಿಗೇ ದಂಡ. ಊಟದ ತನಕ ನನ್ನ ಜೊತೆ ಮಾತಾಡಲಿಲ್ಲ, ನಾನೇ ಹೇಳಬೇಕಿತ್ತಂತೆ.

ಆದರೆ ಊರು ನೋಡಿದ ಮೇಲೆ ಎಲ್ಲಾ ಮರೆತುಹೋಯಿತು. ಹಳೇ ನೋಟೊ 1693ರ ಜನವರಿ 11ರ ಭೂಕಂಪದಲ್ಲಿ ನೆಲಸಮ ಆಯಿತು. ಅದನ್ನು ಅಲ್ಲೇ ಬಿಟ್ಟು, ಸುಮಾರು 8 ಕಿಮೀ ಆಚೆ ಗುಡ್ಡದ ಇಳಿಜಾರಿನಲ್ಲಿ ಹೊಸ ಊರು ಕಟ್ಟಿದರು. ಅದಕ್ಕೇ ಎಲ್ಲಾ ಒಂದೇ ಕಾಲದ, ಒಂದೇ ಜೇನುಬಣ್ಣದ ಕಲ್ಲು. ನಿಕೊಲಾಚಿ ಅರಮನೆಯ ಬಾಲ್ಕನಿಗಳ ಕೆಳಗೆ ಸಿಂಹ, ರೆಕ್ಕೆಯ ಕುದುರೆ, ಮತ್ಸ್ಯಕನ್ಯೆ ಎಲ್ಲಾ ಭಾರ ಹೊತ್ತು ಕೂತಿವೆ. ಕಬ್ಬಿಣದ ಕಟಾಂಜನ ಹೊಟ್ಟೆಯ ಹಾಗೆ ಮುಂದೆ ಉಬ್ಬಿದೆ. ಹೆಂಗಸರ ಅಗಲದ ಲಂಗಕ್ಕೆ ಜಾಗ ಆಗಲಿ ಅಂತ ಹಾಗೆ ಮಾಡಿದ್ದಂತೆ. ನನ್ನ ಭಾವ ಮಾತ್ರ ಕತ್ತು ಎತ್ತಲಿಲ್ಲ, ಫೋನಿನಲ್ಲಿ ದಂಡದ ರಸೀದಿ ಓದುತ್ತಿದ್ದರು.

ಹಾಸನದ ಸೊಸೆ: ರೈಲು ರೈಲು ಅಂತೀರಲ್ಲ, ಆ ಸ್ಟೇಷನ್ ಇರುವುದು ಊರಿನ ಕೆಳಗೆ. ಅಲ್ಲಿಂದ ಪೋರ್ತಾ ರೆಯಾಲೆ ಬಾಗಿಲಿನ ತನಕ ಏರು. ನಾನು ಅತ್ತೆಯನ್ನು ಬಿಸಿಲಿನಲ್ಲಿ ಹತ್ತಿಸಿ ಬೈಸಿಕೊಂಡಿದ್ದೇನೆ. ಮೇಲೆ ಹೋದರೆ ದೊಡ್ಡ ಬೀದಿ ಕೋರ್ಸೊ ಸಮತಟ್ಟು, ಅಡ್ಡಬೀದಿಗಳು ಮಾತ್ರ ಏರು. ನಿಕೊಲಾಚಿ ಬೀದಿಯೂ ಏರೇ, ತುದಿಯಲ್ಲಿ ಚರ್ಚು. ಅತ್ತೆ ಕೆಳಗೆ ನಿಂತೇ ನೋಡಿದರು, ಹೂವಿನ ಚಿತ್ರ ಕೆಳಗಿನಿಂದ ಇನ್ನೂ ಚೆನ್ನಾಗಿ ಕಂಡಿತು. ಜನ ವಿಪರೀತ, ಬದಿಯಲ್ಲಿ ಸಾಲಾಗಿ ಒಂದೊಂದೇ ಹೆಜ್ಜೆ. ನಾವು ಅಲ್ಲೇ ಉಳಿದೆವು, ರಾತ್ರಿಗೆ 190 ಯೂರೋ. ಹಬ್ಬದ ವಾರ ಅಲ್ಲದಿದ್ದರೆ ಅದೇ ರೂಮು 85! ಆದರೂ ಬೆಳಿಗ್ಗೆ ಏಳಕ್ಕೆ ಜನ ಸೇರುವ ಮೊದಲು ಬೀದಿ ನಮ್ಮದೇ. ಆ ಒಂದು ಗಂಟೆಗೆ 190 ಕೊಟ್ಟೆ ಅಂದುಕೊಂಡೆ. ಅತ್ತೆ ಗ್ರಾನಿತಾ ಅನ್ನುವ ಬಾದಾಮಿ ಐಸಿಗೆ ಬ್ರಿಯೋಶ್ ಬನ್ನು ಅದ್ದಿಕೊಂಡು ಎರಡು ತಿಂದರು.

ಒಪ್ಪತ್ತಿನವಳು: ಬ್ರಿಯೋಶಿಗೆ ಮೊಟ್ಟೆ ಹಾಕುತ್ತಾರೆ. ಅತ್ತೆಗೆ ಹೇಳಿದಿರಾ?

ಹಾಸನದ ಸೊಸೆ: ಆಮೇಲೆ ಗೊತ್ತಾಯಿತು.

ಒಪ್ಪತ್ತಿನವಳು: ಆಮೇಲೆ ಹೇಳಿದಿರಾ ಅಂತ ಕೇಳಿದ್ದು.

ಹಾಸನದ ಸೊಸೆ: ನಮ್ಮ ಮನೆ ವಿಷಯ ನಿಮಗ್ಯಾಕೆ? ನೀವು ಅಲ್ಲಿ ಏನು ತಿಂದಿರಿ, ಗಾಳಿನಾ?

ಒಪ್ಪತ್ತಿನವಳು: ಎಂಟಿಆರ್ ಪೊಟ್ಟಣ 14 ಹೊತ್ತುಕೊಂಡು ಹೋಗಿದ್ದೆ, ಒಂದು ಪುಟ್ಟ ರೈಸ್ ಕುಕ್ಕರ್ ಕೂಡ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಅರ್ಧ ಊರಿನ ಅಂಗಡಿ ಮುಚ್ಚಿತ್ತು. ರೂಮಿನಲ್ಲಿ ಬಿಸಿಬೇಳೆಬಾತ್ ತಿಂದು ಮಲಗಿದೆ, ಸುಖವಾಗಿತ್ತು. ಬದನೆಕಾಯಿ ಪಾಸ್ತಾ ಸಿಗುತ್ತದೆ, ಕಪೊನಾತಾ ಅನ್ನುವ ಹುಳಿಸಿಹಿ ಬದನೆಕಾಯಿ ಪಲ್ಯ ಸಿಗುತ್ತದೆ, ಸರಿ. ಮೇಲೆ ಉದುರಿಸುವ ಚೀಸಿನಲ್ಲಿ ಹಾಲು ಹೆಪ್ಪುಗಟ್ಟಿಸಲು ಹಾಕುವ ಕರುವಿನ ಹೊಟ್ಟೆಯ ರೆನ್ನೆಟ್ ಇರಬಹುದು, ಅದನ್ನು ಯಾರೂ ಹೇಳಲ್ಲ. ಗ್ರಾನಿತಾ ಬರೀ ಬಾದಾಮಿ, ನೀರು, ಸಕ್ಕರೆ. ಬನ್ನು ಬೇಡ ಅಂದರೆ ಮುಗಿಯಿತು. ಅಷ್ಟು ಕೇಳಲು ನಾಲಿಗೆ ಸವೆಯುತ್ತಾ?

ಶಿಕ್ಲಿ ಪಕ್ಷ: ನೋಟೊಗೆ ಎಲ್ಲರೂ ಹೋಗುತ್ತಾರೆ. ಅದೇ ಕಡೆಯ ಇನ್ನೊಂದು ಊರು ಶಿಕ್ಲಿಯ ಮೊರ್ಮಿನಾ ಪೆನ್ನಾ ಬೀದಿಗೆ ಹೋಗಿ. ಅದೂ ನೋಟೊ ಜೊತೆಗೇ 2002ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು. ನಾನು ಒಂದು ಗಂಟೆ ಬೆಂಚಿನಲ್ಲಿ ಕೂತಿದ್ದೆ, ಎದುರಿಗೆ ಎರಡು ಬೆಕ್ಕು, ಒಬ್ಬ ತಾತ. ಅಲ್ಲಿಯ ಟೌನ್ ಹಾಲು ಒಂದು ಪತ್ತೇದಾರಿ ಧಾರಾವಾಹಿಯಲ್ಲಿ ಪೊಲೀಸ್ ಠಾಣೆ. ನೋಟೊದ ದೊಡ್ಡ ಚರ್ಚಿನ ಗುಮ್ಮಟ 1996ರಲ್ಲಿ ಕುಸಿದಿತ್ತು, ಈಗ ಕಾಣುವುದು ಮತ್ತೆ ಕಟ್ಟಿದ್ದು. ಅಸಲಿ ಬೇಕಾದವರು ಯೋಚನೆ ಮಾಡಿ.

ರೈಲೇ ಸರಿ: ಅದೇ ಕಲ್ಲು, ಹಳೇ ಕ್ರಮದಲ್ಲೇ ಕಟ್ಟಿ 2007ರಲ್ಲಿ ತೆರೆದರು. ಅದನ್ನು ನಕಲಿ ಅಂತೀರಾ? ಇಡೀ ಊರೇ ಬಿದ್ದ ಮೇಲೆ ಕಟ್ಟಿದ್ದು!

ಶಿಕ್ಲಿ ಪಕ್ಷ: ನಕಲಿ ಅಂತ ನಾನೆಲ್ಲಿ ಅಂದೆ? ಬೋರ್ಡು ಓದುವವರು ಇದನ್ನೂ ಸರಿಯಾಗಿ ಓದಿ.

ಮ್ಯೂನಿಕ್ ಮಗಳು: ರೂಮು ನೋಡಿದೆ, 210 ಕೇಳುತ್ತಿದ್ದಾರೆ. ಮೆಟ್ಟಿಲು ಎಷ್ಟು ಅಂತ ಕೇಳಿ ಬರೆದಿದ್ದೇನೆ.

ದಂಡ ಕಟ್ಟಿದವನು: ಬೋರ್ಡು ಅಂದಿರಲ್ಲ, ನೋಡಿದೆ ಸ್ವಾಮಿ. ‘ವಾರ್ಕೊ ಆತ್ತಿವೊ’ ಅಂತ ಕೆಂಪಗೆ ಉರಿಯುತ್ತಿತ್ತು. ಆಕ್ಟಿವ್ ಅಂದರೆ ದಾರಿ ತೆರೆದಿದೆ ಅಂದುಕೊಂಡೆ. ಕ್ಯಾಮೆರಾ ಆಕ್ಟಿವ್ ಅಂತೆ.