ಈರಿ ಕೌಂಟಿ: ಮನೆಮನೆ ಸುತ್ತಿದರೆ ಮತ ಬರುತ್ತಾ?

ಪ್ರಶ್ನೆ: ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈರಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಅಧ್ಯಕ್ಷೀಯ ಚುನಾವಣೆಗಳಲ್ಲಿ 2012ರಲ್ಲಿ ಒಬಾಮಾಗೆ, 2016ರಲ್ಲಿ ಟ್ರಂಪ್‌ಗೆ, 2020ರಲ್ಲಿ ಬೈಡನ್‌ಗೆ, 2024ರಲ್ಲಿ ಮತ್ತೆ ಟ್ರಂಪ್‌ಗೆ ಒಲಿಯಿತು. ಟಿವಿ ಜಾಹೀರಾತಿಗೆ ಅಷ್ಟೊಂದು ದುಡ್ಡು ಸುರಿಯುವಾಗ ಸ್ಥಳೀಯ ಕಾರ್ಯಕರ್ತರಿಂದ ಏನಾದರೂ ಆಗುತ್ತಾ?

ಉತ್ತರ 1: ಆಗುತ್ತದೆ. ನಾನು ಈ ರಾಜ್ಯದಲ್ಲೇ ವಾಲಂಟಿಯರ್ ಆಗಿದ್ದವನು. ಬಾಗಿಲಲ್ಲಿ ನಿಂತು ಯಾರ ಮನಸ್ಸನ್ನೂ ಅಷ್ಟು ಸುಲಭಕ್ಕೆ ಬದಲಿಸೋಕಾಗಲ್ಲ. ನಮ್ಮವರು ಮತ ಹಾಕದೆ ಕೂರದಂತೆ ನೋಡಿಕೊಳ್ಳೋದೇ ಜಾಸ್ತಿ. ಇಲ್ಲಿ ಅಂಚೆ ಮತ ಚುನಾವಣೆ ದಿನ ರಾತ್ರಿ 8ರೊಳಗೆ ಕೌಂಟಿ ಕಚೇರಿಗೆ ತಲುಪಬೇಕು. ಮತ ಗುಟ್ಟಾಗಿರಲಿ ಅಂತ ಮತಪತ್ರವನ್ನು ಮೊದಲು ಹಾಕಬೇಕಾದ ಒಳಗಿನ ಲಕೋಟೆ ಮರೆತರೆ ಆ ಮತಪತ್ರ ಎಣಿಕೆಗೇ ಬರಲ್ಲ. ಯಾರ ಮತಪತ್ರ ಇನ್ನೂ ವಾಪಸ್ ಬಂದಿಲ್ಲ ಅನ್ನೋ ಪಟ್ಟಿ ಪಕ್ಷದ ಕೈಗೆ ಸಿಗುತ್ತದೆ. ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ಬೈಗುಳವೂ ಸಿಗುತ್ತದೆ, ಬಿಡಿ!

ಉತ್ತರ 2: ಅತಿಯಾಗಿ ನಂಬಬೇಡಿ. 2016ರಲ್ಲಿ ದೇಶದಾದ್ಯಂತ ಟ್ರಂಪ್ ಎದುರಾಳಿ ಹಿಲರಿ ಕ್ಲಿಂಟನ್ ಕಡೆ ಪ್ರಚಾರ ಕಚೇರಿಗಳು ಹೆಚ್ಚಿದ್ದವು. ಆದರೂ ಈರಿ ಕೈತಪ್ಪಿತು, ಅಲ್ವಾ?

ಉತ್ತರ 1: ಒಪ್ಪಿದೆ. ದೊಡ್ಡ ಅಲೆ ಎದ್ದರೆ ನಾವೇನೂ ಮಾಡೋಕಾಗಲ್ಲ. ಆದರೆ 2016, 2020 ಎರಡರಲ್ಲೂ ಇಲ್ಲಿನ ಅಂತರ ಕೆಲವೇ ಸಾವಿರ ಮತಗಳೊಳಗಿತ್ತು. ಅಷ್ಟರಲ್ಲಿ ನಮ್ಮ ಫೋನ್ ಕರೆಗೂ ತೂಕ ಇರುತ್ತದೆ. ಅಂದಹಾಗೆ, ಚುನಾವಣೆಗೆ ಎರಡು ತಿಂಗಳ ಮುಂಚೆ ಹೊರಗಿಂದ ಬಂದವರಿಗಿಂತ ಅದೇ ಬೀದಿಯವರು ಹೋದರೆ ಬಾಗಿಲು ಬೇಗ ತೆರೆಯುತ್ತದೆ.