ಮೂರು ಬ್ಯಾಂಡ್, ಒಂದೇ ಗಲ್ಲಾಪೆಟ್ಟಿಗೆ: ದುಡ್ಡು ಹಂಚೋದು ಹೇಗೆ?

ಶನಿವಾರದ ಶೋ:
ನೂರು ಜನ ಹಿಡಿಸುವ ಜಾಗ. ಮೂರು ಬ್ಯಾಂಡ್, ಎಲ್ಲರೂ ಸ್ವಂತ ಹಾಡು ಹಾಡುವವರು. ಟಿಕೆಟ್ ಬಾಗಿಲಲ್ಲೇ. ಖರ್ಚು ಕಳೆದು ಉಳಿದದ್ದನ್ನು ಮೂರು ಸಮಪಾಲು ಮಾಡೋಣ ಅಂತಿದ್ದೆ. ಕೊನೆಗೆ ನುಡಿಸುವ ಬ್ಯಾಂಡಿನವರು 'ಜನ ಬರೋದೇ ನಮ್ಮಿಂದ' ಅಂತಾರೆ. ಯಾರನ್ನು ನೋಡೋಕೆ ಬಂದಿದ್ದೀರಿ ಅಂತ ಬಾಗಿಲಲ್ಲೇ ಕೇಳಿ ಗೀಟು ಹಾಕಿಕೊಂಡು, ಅದರ ಪ್ರಕಾರ ದುಡ್ಡು ಹಂಚಬೇಕಂತೆ. ಇದು ಸರಿಯಾ?

ಹಳೇ ಬೇಸ್:
ಗೀಟು ಹಾಕೋದು ಬೇಡ ಮಾರಾಯ್ರೆ. 'ಸುಮ್ನೆ ಬಂದ್ವಿ' ಅಂದವರ ದುಡ್ಡು ಯಾರ ಲೆಕ್ಕಕ್ಕೆ? ಬೇರೆ ಊರಿನಿಂದ ಬಂದ ಬ್ಯಾಂಡಿಗೆ ಅಲ್ಲಿ ನೆಂಟರಿಲ್ಲ, ಗೆಳೆಯರಿಲ್ಲ. ಎಷ್ಟು ಚೆನ್ನಾಗಿ ನುಡಿಸಿದರೂ ಅವರ ಹೆಸರಿನ ಮುಂದೆ ಎರಡೇ ಗೀಟು. ಅದೇ ನಮ್ಮ ಡ್ರಮ್ಮರ್‌ಗೆ ಅಣ್ಣತಮ್ಮಂದಿರೇ ಒಂದು ಸಾಲು ಕುರ್ಚಿ ತುಂಬುವಷ್ಟಿದ್ದಾರೆ.

ಹಾಗಂತ ಸಮಪಾಲೂ ಪೂರ್ತಿ ಸರಿಯಲ್ಲ. ಪೋಸ್ಟರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು ಹಾಕಿ ಜನ ಕರೆದ ಮೇಲೆ ಅವರಿಗೆ ಸ್ವಲ್ಪ ಜಾಸ್ತಿ ಸಲ್ಲಬೇಕು. ಮೊದಲು ಎಲ್ಲರಿಗೂ ಒಂದೇ ಗ್ಯಾರಂಟಿ, ಅಂದರೆ ಜನ ಎಷ್ಟೇ ಬರಲಿ ಕೊಡಲೇಬೇಕಾದ ದುಡ್ಡು, ಆಮೇಲೆ ಪಾಲು. ಇದು ನನ್ನ ಮಟ್ಟಿಗೆ ಮಾತಾಡಿ ಮುಗಿದ ವಿಷಯ.

ಟಿಕೆಟ್ ಲೆಕ್ಕದಲ್ಲೇ ಹೇಳ್ತೀನಿ. 80 ಟಿಕೆಟ್ ಹೋಯಿತು ಅನ್ನಿ. ಸೌಂಡ್, ಪೋಸ್ಟರ್, ಬಾಗಿಲಲ್ಲಿ ಕೂತವರು, ಇದಕ್ಕೆಲ್ಲ 20 ಟಿಕೆಟ್ ದುಡ್ಡು ಖರ್ಚು. ಉಳಿದ 60ರಲ್ಲಿ ಶೇಕಡಾ 80 ಬ್ಯಾಂಡ್‌ಗಳಿಗೆ, ಅಂದರೆ 48. ಬಾಕಿ 12 ನಿಮಗೆ ಮತ್ತು ಜಾಗದವರಿಗೆ. 48ರಲ್ಲಿ ತಲಾ 8 ಗ್ಯಾರಂಟಿಗೆ ಹೋದರೆ ಇನ್ನು 24 ಇರುತ್ತದೆ. ಅದರಲ್ಲಿ ಅರ್ಧ ಹೆಡ್‌ಲೈನರ್‌ಗೆ, ಅಂದರೆ ಕೊನೆಗೆ ನುಡಿಸುವ ಮುಖ್ಯ ಬ್ಯಾಂಡಿಗೆ, ಉಳಿದರ್ಧ ಮಿಕ್ಕ ಎರಡು ಬ್ಯಾಂಡಿಗೆ ಸಮ. ಕೊನೆಗೆ 20, 14, 14. ಯಾರೂ ಮುಖ ಊದಿಸಿಕೊಂಡು ಹೋಗಲ್ಲ.

ಬರೀ 30 ಜನ ಬಂದರೆ? ಖರ್ಚು ಕಳೆದು 10 ಉಳಿಯುತ್ತದೆ, ಗ್ಯಾರಂಟಿಗೆ 24 ಬೇಕು. ಕಡಿಮೆ ಬಿದ್ದ 14 ನಿಮ್ಮ ಜೇಬಿನಿಂದ. ನೋವಾಗುತ್ತದೆ, ಗೊತ್ತು. ಅದಕ್ಕೇ ಗ್ಯಾರಂಟಿ ನಿಮ್ಮ ಕೈಲಾಗುವಷ್ಟೇ ಇಡಿ, ಆದರೆ ಇಟ್ಟಿದ್ದನ್ನು ಕೊಡಿ. ಸೌಂಡ್‌ನವರಿಗೆ ಜನ ಬರಲಿ ಬಿಡಲಿ ದುಡ್ಡು ಖಾತ್ರಿ. ವೇದಿಕೆ ಮೇಲೆ ನಿಂತವರಿಗೆ ಮಾತ್ರ ಯಾಕೆ 'ನೋಡೋಣ'?

ಮಿಕ್ಸರ್ ಮುಂದಿನವನು:
ಸೌಂಡ್‌ನವನೇ ಮಾತಾಡ್ತಿದ್ದೀನಿ, ನಮಗೂ ಅಷ್ಟೇನೂ ಖಾತ್ರಿ ಇಲ್ಲ ಗುರುವೇ! ಬೇಸ್ ಸಾಹೇಬರು ಒಂದು ಬಿಟ್ಟರು. ಡ್ರಮ್ ಕಿಟ್, ಆಂಪ್ ಯಾರು ತರ್ತಾರೆ? ಸಾಮಾನ್ಯವಾಗಿ ಒಂದೇ ಬ್ಯಾಂಡ್ ಹೊತ್ತು ತರುತ್ತದೆ, ಮೂರೂ ಬ್ಯಾಂಡ್ ನುಡಿಸುತ್ತದೆ. ಕೋಲು ಮುರಿದರೆ ಹೋಗಲಿ, ಸ್ನೇರ್ ಡ್ರಮ್ಮಿನ ಚರ್ಮ ಹರಿದರೆ ಯಾರದ್ದು? ತಂದವರಿಗೆ ಬಾಡಿಗೆ ಅಂತ ಸ್ವಲ್ಪ ಖರ್ಚಿನಲ್ಲೇ ಸೇರಿಸಿ.

ಗೆಸ್ಟ್ ಲಿಸ್ಟ್ ಎಷ್ಟು ಅಂತಲೂ ಮೊದಲೇ ಹೇಳಿ. ಒಂದೊಂದು ಬ್ಯಾಂಡೂ ಹತ್ತು ಜನರನ್ನು ಬಿಟ್ಟಿ ಒಳಗೆ ಕರೆದರೆ ನೂರರಲ್ಲಿ ಮೂವತ್ತು ಹೋಯಿತು, ಅಲ್ವಾ?

ಹಳೇ ಬೇಸ್:
ಬಾಡಿಗೆ ಮಾತು ಒಪ್ಪಿದೆ. ಇನ್ನೊಂದು: ಶೋ ಮುಗಿದ ಮೇಲೆ ಪ್ರತಿ ಬ್ಯಾಂಡಿನಿಂದ ಒಬ್ಬರನ್ನು ಕರೆದು ಲೆಕ್ಕ ತೋರಿಸಿ. ಟಿಕೆಟ್ ಬುಕ್ಕಿನಲ್ಲಿ ಉಳಿದ ಅರ್ಧ ಚೀಟಿ, ಫೋನಿಗೆ ಬಂದ ದುಡ್ಡು, ಖರ್ಚಿನ ಬಿಲ್, ಎಲ್ಲ ಒಂದೇ ಮೇಜಿನ ಮೇಲೆ. ಕವರ್‌ನಲ್ಲಿ ಹಾಕಿ 'ಇಷ್ಟೇ ಆಗಿದ್ದು' ಅಂತ ಕೈಗೆ ತುರುಕುವವರನ್ನು ನಾನು ನಂಬೋದು ಬಿಟ್ಟಿದ್ದೀನಿ. ಬ್ಯಾಂಡಿಗೇ ಟಿಕೆಟ್ ಕಟ್ಟು ಕೊಟ್ಟು, 'ಮಾರದಿದ್ದರೆ ನೀವೇ ದುಡ್ಡು ಕಟ್ಟಿ' ಅನ್ನೋ ಪದ್ಧತಿ ಇದೆಯಲ್ಲ, ಅದರ ಹತ್ತಿರವೂ ಹೋಗಬೇಡಿ.

ಶನಿವಾರದ ಶೋ:
ಜಾಗದವರು ಟೀ ಶರ್ಟ್, ಸಿಡಿ ಮಾರಿದ್ದರಲ್ಲೂ ಪಾಲು ಕೇಳ್ತಿದ್ದಾರೆ. ಮತ್ತೆ, ಒಂದು ಬ್ಯಾಂಡಿನಲ್ಲಿ ಇಬ್ಬರು, ಇನ್ನೊಂದರಲ್ಲಿ ಆರು ಜನ. ತಲೆ ಲೆಕ್ಕ ಹಾಕಬೇಕಾ?

ಹಳೇ ಬೇಸ್:
ಟೀ ಶರ್ಟ್ ದುಡ್ಡು ಬ್ಯಾಂಡಿನದು. ಬ್ರಿಟನ್ನಿನಲ್ಲಿ ಕಲಾವಿದರ ಸಂಘಟನೆಯೊಂದು 2022ರಲ್ಲಿ, ಇಂಥ ಪಾಲು ಕೇಳದ ಜಾಗಗಳ ಪಟ್ಟಿಯನ್ನೇ ಶುರು ಮಾಡಿತು. ಅಲ್ಲೂ ಇದೇ ಜಗಳ ನೋಡಿ.

ತಲೆ ಲೆಕ್ಕ ಬೇಡ. ಬ್ಯಾಂಡಿಗೆ ಕೊಡಿ, ಒಳಗೆ ಹೇಗೆ ಹಂಚಿಕೊಳ್ಳುತ್ತಾರೋ ಅವರಿಗೆ ಬಿಟ್ಟದ್ದು. ದೂರದಿಂದ ಬರುವವರಿಗೆ ಮಾತ್ರ ಪ್ರಯಾಣದ ಖರ್ಚು ಬೇರೆ ಕೊಡಿ. ಆರು ಜನಕ್ಕೆ ಗಾಡಿಯೇ ದೊಡ್ಡದು ಬೇಕು.

ಶನಿವಾರದ ಶೋ:
ಸರಿ, ಇವತ್ತೇ ಮೂರೂ ಬ್ಯಾಂಡಿಗೆ ಒಂದೇ ಮೆಸೇಜ್ ಹಾಕ್ತೀನಿ. ಹೆಡ್‌ಲೈನರ್ ಒಪ್ಪದಿದ್ದರೆ?

ಮಿಕ್ಸರ್ ಮುಂದಿನವನು:
ಎಲ್ಲರಿಗಿಂತ ಮೊದಲು ಅವರ ಕೈಲೇ ನುಡಿಸಿಬಿಡಿ, ಜನ ಯಾರಿಗಾಗಿ ಬಂದಿದ್ದರು ಅಂತ ಗೊತ್ತಾಗುತ್ತೆ 😄